ಪಿಎಂಪಿ22 ಬ್ಲಾಕಿಂಗ್ ಪೆಪ್ಟೈಡ್: ಮೌಸ್ ಲೇನ್ ಖಾಲಿ ಆಗುತ್ತೆ, ಮನುಷ್ಯರ ಲೇನ್ ಆಗ್ತಿಲ್ಲ. ಯಾಕೆ?

ಮೈಲಿನ್_ಮಂಜರಿ
ಎಲ್ಲರಿಗೂ ನಮಸ್ಕಾರ. ಹೊರನರಗಳ ಮೈಲಿನ್‌ನಲ್ಲಿರುವ ಪಿಎಂಪಿ22 ಪ್ರೋಟೀನ್ ಮೇಲೆ ಕೆಲಸ. ಪ್ರತಿಕಾಯ ಮೊಲದ ಪಾಲಿಕ್ಲೋನಲ್ (ಹಲವು ಬಗೆಯ ಪ್ರತಿಕಾಯಗಳ ಮಿಶ್ರಣ), ಎರಡನೇ ಹೊರಕುಣಿಕೆಯ ಪೆಪ್ಟೈಡ್ ಕೊಟ್ಟು ಬೆಳೆಸಿದ್ದು, ಅಫಿನಿಟಿ ಶುದ್ಧೀಕರಣ ಆಗಿದೆ. ಜೊತೆಗೆ ಅದೇ ಕುಣಿಕೆಯ ಬ್ಲಾಕಿಂಗ್ ಪೆಪ್ಟೈಡ್ (ಪ್ರತಿಕಾಯದ ಹಿಡಿತಾಣವನ್ನು ಮುಂಚೆಯೇ ತುಂಬಿಬಿಡುವ ಚಿಕ್ಕ ಪ್ರೋಟೀನ್ ತುಂಡು) ಬೇರೆಯಾಗಿ ಸಿಂಥೆಸಿಸ್ ಮಾಡಿಸಿದ್ದೇವೆ.

ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನ್‌ಗಳನ್ನು ಗಾತ್ರದಂತೆ ಜೆಲ್‌ನಲ್ಲಿ ಬೇರ್ಪಡಿಸಿ, ಮೆಂಬ್ರೇನ್ ಮೇಲೆ ಪ್ರತಿಕಾಯದಿಂದ ಗುರುತಿಸುವ ವಿಧಾನ) 10 ಮಿ.ಲೀ. ಬಫರ್‌ನಲ್ಲಿ 2 ಮೈಕ್ರೊಗ್ರಾಂ ಪ್ರತಿಕಾಯ, ತೂಕದಲ್ಲಿ ಐದು ಪಟ್ಟು, ಅಂದರೆ 10 ಮೈಕ್ರೊಗ್ರಾಂ ಪೆಪ್ಟೈಡ್. ಒಂದು ಗಂಟೆ ಬೆರೆಸಿಟ್ಟು, ಬ್ಲಾಟ್ ಮೇಲೆ ರಾತ್ರಿಯಿಡೀ 4 ಡಿಗ್ರಿಯಲ್ಲಿ. ಫಲಿತಾಂಶ ಹೀಗಿದೆ: ಮೌಸ್ ಸಯಾಟಿಕ್ ನರದ ಲೇನ್‌ನಲ್ಲಿ 22 ಕಿಲೋಡಾಲ್ಟನ್ ಬ್ಯಾಂಡ್ ಪೂರ್ತಿ ಹೋಗುತ್ತೆ. ಮನುಷ್ಯರ ಸೂರಲ್ ನರದ ಲೇನ್‌ನಲ್ಲಿ ಮಸುಕಾಗುತ್ತೆ, ಹೋಗಲ್ಲ. ಎರಡರಲ್ಲೂ 25 ಮತ್ತು 50ರ ಹತ್ತಿರದ ಬ್ಯಾಂಡ್‌ಗಳು ಅಲುಗಾಡಲ್ಲ. ಬಿಡಿಸಿದ ನರತಂತುಗಳಲ್ಲಿ ಮಾತ್ರ ಎಲ್ಲ ಸಿಗ್ನಲ್ಲೂ ಮಾಯ, ನ್ಯೂಕ್ಲಿಯಸ್ ಮೇಲಿದ್ದದ್ದೂ ಸೇರಿ.

ಎರಡು ಪ್ರಶ್ನೆ. ಪೆಪ್ಟೈಡ್ ಎಷ್ಟು ಹಾಕಬೇಕು? ತಂತುಗಳಲ್ಲಿ ಸಿಗ್ನಲ್ ಹೋಯಿತು ಅಂದಮೇಲೆ ಪ್ರತಿಕಾಯ ನಿರ್ದಿಷ್ಟ ಅಂತ ಬರೆಯಬಹುದಾ?

ಬ್ಲಾಟ್‌ಮನೆ
25 ಮತ್ತು 50 ಅಂದ ಕೂಡಲೇ ಐಜಿಜಿ ಅನ್ನೋ ಸಾಮಾನ್ಯ ಪ್ರತಿಕಾಯದ ಹಗುರ ಸರಪಳಿ, ಭಾರ ಸರಪಳಿ. ನರದೊಳಗೆ ರಕ್ತನಾಳ ಇದೆ, ಎಂಡೋನ್ಯೂರಿಯಂನಲ್ಲಿ ಐಜಿಜಿ ಇದೆ. ನಿಮ್ಮ ಮೊಲವಿರೋಧಿ ಸೆಕೆಂಡರಿ (ಮೊಲದ ಪ್ರತಿಕಾಯವನ್ನು ಹಿಡಿದು ಸಿಗ್ನಲ್ ಕೊಡುವ ಎರಡನೇ ಪ್ರತಿಕಾಯ) ಮೌಸ್ ಮತ್ತು ಮನುಷ್ಯರ ಐಜಿಜಿಯನ್ನೂ ಸ್ವಲ್ಪ ಹಿಡಿಯುತ್ತಿದೆ. ಪ್ರೈಮರಿ ಇಲ್ಲದೆ ಸೆಕೆಂಡರಿ ಮಾತ್ರ ಹಾಕಿದ ಒಂದು ತುಂಡು ಬ್ಲಾಟ್ ಮಾಡಿ, ಉತ್ತರ ಅಲ್ಲೇ ಸಿಗುತ್ತೆ. ಎರಡೂ ಜಾತಿಯ ಐಜಿಜಿ ಮೇಲೆ ಕ್ರಾಸ್ ಅಡ್ಸಾರ್ಬ್ ಮಾಡಿದ ಸೆಕೆಂಡರಿಗೆ ಬದಲಾಯಿಸಿ. ಈ 25ರ ಬ್ಯಾಂಡ್ ತುಂಬಾ ತೊಂದರೆಯದ್ದು. ಒಂದು ಕಡೆ 22ರ ಪಿಎಂಪಿ22, ಇನ್ನೊಂದು ಕಡೆ 28–30ರ ಪಿ-ಜೀರೋ (ಹೊರನರದ ಮೈಲಿನ್‌ನ ಮುಖ್ಯ ಪ್ರೋಟೀನ್), ಮಧ್ಯದಲ್ಲಿ ಇದು ಕೂತು ಎರಡನ್ನೂ ಕಲಸಿಬಿಡುತ್ತೆ.

ಶ್ವಾನ್‌ಕೋಶ
ಐದು ಪಟ್ಟು ಸಾಲಲ್ಲ. ಹತ್ತು ಹಾಕಿ, ಬೇಕಾದರೆ ಇಪ್ಪತ್ತು. ಮನುಷ್ಯರ ನರದಲ್ಲಿ ಪ್ರೋಟೀನ್ ಹೆಚ್ಚು ಲೋಡ್ ಆಗಿರುತ್ತೆ.

ಪೆಪ್ಟೈಡ್_ಕಮ್ಮಟ
'ಎಷ್ಟು ಪಟ್ಟು' ಅನ್ನೋ ಲೆಕ್ಕವೇ ದಾರಿ ತಪ್ಪಿಸುತ್ತೆ. ಕೂಡಿಸಿ ನೋಡಿ. 1 ಮೈಕ್ರೊಗ್ರಾಂ ಐಜಿಜಿ, 150 ಕಿಲೋಡಾಲ್ಟನ್ ಅಂದರೆ 6.7 ಪಿಕೊಮೋಲ್. ಎರಡು ಕೈ, ಹಾಗಾಗಿ 13.3 ಪಿಕೊಮೋಲ್ ಹಿಡಿತಾಣ. 5 ಮೈಕ್ರೊಗ್ರಾಂ ಪೆಪ್ಟೈಡ್, ಸುಮಾರು 1860 ಡಾಲ್ಟನ್ ಅಂದುಕೊಳ್ಳಿ, 2690 ಪಿಕೊಮೋಲ್. ಒಂದು ತಾಣಕ್ಕೆ ಇನ್ನೂರು ಪೆಪ್ಟೈಡ್! ಸಂಖ್ಯೆ ಕಡಿಮೆ ಆಯಿತು ಅನ್ನೋ ಮಾತೇ ಬರಲ್ಲ.

ನೋಡಬೇಕಾದದ್ದು ಕೊನೆಯ ಬಫರ್‌ನಲ್ಲಿ ಪೆಪ್ಟೈಡ್‌ನ ಸಾಂದ್ರತೆ. 10 ಮಿ.ಲೀ.ಗೆ 10 ಮೈಕ್ರೊಗ್ರಾಂ ಅಂದರೆ 0.54 ಮೈಕ್ರೊಮೋಲಾರ್. ಪ್ರತಿಕಾಯದ ಬಿಡುಗಡೆ ಸ್ಥಿರಾಂಕ (ಕಡಿಮೆ ಇದ್ದಷ್ಟೂ ಹಿಡಿತ ಬಿಗಿ) 10 ನ್ಯಾನೊಮೋಲಾರ್ ಇದ್ದರೆ 98% ತಾಣ ಮುಚ್ಚಿರುತ್ತೆ. ಪಾಲಿಕ್ಲೋನಲ್ ಒಳಗೆ 500 ನ್ಯಾನೊಮೋಲಾರ್‌ನ ಸಡಿಲ ಹಿಡಿತದವು ಇದ್ದರೆ ಅವುಗಳಲ್ಲಿ ಅರ್ಧ ಮಾತ್ರ ಮುಚ್ಚುತ್ತೆ. ಅದೇ ಪೆಪ್ಟೈಡ್ ಮಿ.ಲೀ.ಗೆ 10 ಮೈಕ್ರೊಗ್ರಾಂ ಇಟ್ಟರೆ ಅವೂ 91%ರವರೆಗೆ ಮುಚ್ಚುತ್ತವೆ. ಪ್ರತಿಕಾಯವನ್ನು ಎಷ್ಟು ತೆಳುಗೊಳಿಸಿದರೂ ಪೆಪ್ಟೈಡ್ ಸಾಂದ್ರತೆ ಇಳಿಯಬಾರದು. ತುಂಬಾ ಜನ ಸಣ್ಣ ಟ್ಯೂಬಿನಲ್ಲಿ ಬೆರೆಸಿ ಆಮೇಲೆ ಐವತ್ತು ಪಟ್ಟು ತೆಳುಗೊಳಿಸಿ ಬ್ಲಾಟ್‌ಗೆ ಸುರೀತಾರೆ, ರಾತ್ರಿಯೊಳಗೆ ಬಿಗಿ ಕಳೆದುಕೊಂಡ ಪ್ರತಿಕಾಯ ಮತ್ತೆ ಬ್ಯಾಂಡ್ ಹಿಡಿಯುತ್ತೆ.

ಶ್ವಾನ್‌ಕೋಶ
ಅಲ್ಲಿಗೆ ನಾನು ಹೇಳಿದ್ದೇ ಆಯ್ತಲ್ಲ, ಜಾಸ್ತಿ ಹಾಕಿ ಅಂತ.

ಪೆಪ್ಟೈಡ್_ಕಮ್ಮಟ
ಜಾಸ್ತಿ ಹಾಕಿ, ಸರಿ. ಆದರೆ ಪ್ರತಿಕಾಯಕ್ಕೆ ಹೋಲಿಸಿ ಅಲ್ಲ, ಬಫರಿನ ಪ್ರಮಾಣಕ್ಕೆ ಹೋಲಿಸಿ. ಎರಡೂ ಬೇರೆ ಬೇರೆ ಮಾತು.

ತುಂಗಾತೀರ
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಅದೇ ಟ್ಯೂಬಿನ ಮಿಶ್ರಣದಲ್ಲಿ ಮೌಸ್ ಲೇನ್ ಪೂರ್ತಿ ಖಾಲಿ ಆಗಿದೆ. ಸಾಂದ್ರತೆಯೊಂದೇ ಕಾರಣ ಆಗಿದ್ದರೆ ಎರಡೂ ಲೇನ್‌ನಲ್ಲೂ ಸ್ವಲ್ಪ ಸ್ವಲ್ಪ ಉಳೀಬೇಕಿತ್ತು. ಒಂದು ಜಾತಿಯಲ್ಲಿ ಸೊನ್ನೆ, ಇನ್ನೊಂದರಲ್ಲಿ ಉಳಿಕೆ ಅಂದರೆ ಪೆಪ್ಟೈಡ್ ಅನುಕ್ರಮ ನೋಡಬೇಕು. ಮಂಜರಿ ಅವರೇ, ಪ್ರತಿಕಾಯ ಬೆಳೆಸಿದ್ದು ಯಾವ ಜಾತಿಯ ಅನುಕ್ರಮದಿಂದ? ಬ್ಲಾಕಿಂಗ್ ಪೆಪ್ಟೈಡ್ ಯಾವ ಜಾತಿಯದ್ದು?

ಮೈಲಿನ್_ಮಂಜರಿ
ಪ್ರತಿಕಾಯದ ಹಾಳೆಯಲ್ಲಿ 'ಮನುಷ್ಯ, 120ರಿಂದ 133' ಅಂತಿದೆ. ಪೆಪ್ಟೈಡ್ ಆರ್ಡರ್‌ನಲ್ಲೂ 120ರಿಂದ 133, ಮುಂದೆ ಒಂದು ಸಿಸ್ಟೀನ್. ಒಂದೇ ಅಲ್ವಾ?

ಪೆಪ್ಟೈಡ್_ಕಮ್ಮಟ
ಅಂಕಿ ಒಂದೇ ಇದ್ದ ಮಾತ್ರಕ್ಕೆ ಅನುಕ್ರಮ ಒಂದೇ ಅಲ್ಲ. ಎರಡೂ ಜಾತಿಯಲ್ಲಿ ಪಿಎಂಪಿ22 ಉದ್ದ 160 ಅಮೈನೊ ಆಮ್ಲವೇ, ಹಾಗಾಗಿ ಅಂಕಿ ಕೂಡಿಬರುತ್ತೆ. ಒಂದೊಂದು ಅಕ್ಷರ ಒಂದೊಂದು ಅಮೈನೊ ಆಮ್ಲ. ಮನುಷ್ಯರದ್ದು: ಆರ್-ಎಚ್-ಪಿ-ಇ-ಡಬ್ಲ್ಯೂ-ಎಚ್-ಎಲ್-ಎನ್-ಎಸ್-ಡಿ-ವೈ-ಎಸ್-ವೈ-ಜಿ. ಮೌಸ್‌ದು: ಆರ್-ಎಚ್-ಎಸ್-ಇ-ಡಬ್ಲ್ಯೂ-ಎಚ್-ವಿ-ಎನ್-ಟಿ-ಡಿ-ವೈ-ಎಸ್-ವೈ-ಜಿ. ಹದಿನಾಲ್ಕರಲ್ಲಿ ಮೂರು ಬೇರೆ: 122ರಲ್ಲಿ ಪ್ರೋಲೀನ್ ಬದಲು ಸೆರೀನ್, 126ರಲ್ಲಿ ಲ್ಯೂಸೀನ್ ಬದಲು ವ್ಯಾಲೀನ್, 128ರಲ್ಲಿ ಸೆರೀನ್ ಬದಲು ತ್ರಿಯೊನೀನ್.

ಪೆಪ್ಟೈಡ್ ಜೊತೆ ಬಂದ ಮಾಸ್ ಸ್ಪೆಕ್ ಹಾಳೆ ತೆಗೆದು ಸರಾಸರಿ ತೂಕ ನೋಡಿ. ಮುಂದಿನ ಸಿಸ್ಟೀನ್ ಸೇರಿ 1864 ಇದ್ದರೆ ಮನುಷ್ಯರದ್ದು, 1854 ಇದ್ದರೆ ಮೌಸ್‌ದು.

ಮೈಲಿನ್_ಮಂಜರಿ
1854. ಆರ್ಡರ್ ಫಾರಂ ತೆಗೆದು ನೋಡಿದೆವು, ಮೌಸ್ ಅನುಕ್ರಮವೇ ಹೋಗಿದೆ.

ತುಂಗಾತೀರ
ಅಲ್ಲಿಗೆ ಮೊದಲ ಪ್ರಶ್ನೆ ಮುಗೀತು. ಮನುಷ್ಯರ ಪೆಪ್ಟೈಡ್‌ನಿಂದ ಬೆಳೆದ ಪಾಲಿಕ್ಲೋನಲ್ ಒಳಗೆ ಎರಡು ಪಂಗಡ. ಎರಡೂ ಜಾತಿಗೆ ಸಮಾನವಾದ ಭಾಗ ಹಿಡಿಯುವವು, ಮತ್ತೆ ಆ ಪ್ರೋಲೀನ್ ಅಥವಾ ಲ್ಯೂಸೀನ್ ಇದ್ದರೆ ಮಾತ್ರ ಹಿಡಿಯುವವು. ಮೌಸ್ ಪ್ರೋಟೀನ್ ಹಿಡಿಯೋದು ಮೊದಲ ಪಂಗಡ ಮಾತ್ರ, ಅದನ್ನು ಮೌಸ್ ಪೆಪ್ಟೈಡ್ ಪೂರ್ತಿ ಕಟ್ಟಿಹಾಕುತ್ತೆ. ಎರಡನೇ ಪಂಗಡಕ್ಕೆ ಈ ಪೆಪ್ಟೈಡ್ ಕಾಣೋದೇ ಇಲ್ಲ, ಆರಾಮವಾಗಿ ಮನುಷ್ಯರ ಬ್ಯಾಂಡ್ ಹಿಡಿಯುತ್ತೆ.

ಶ್ವಾನ್‌ಕೋಶ
ಒಪ್ಪಿದೆ, ಅನುಕ್ರಮವೇ ಮುಖ್ಯ ಕಾರಣ. ಆದರೂ ರಾತ್ರಿಯಿಡೀ ಇಡೋದು ಬೇಡ ಅಂತೀನಿ. ದ್ರಾವಣದಲ್ಲಿ ಪೆಪ್ಟೈಡ್ ಒಂದು ಕೈಯನ್ನಷ್ಟೇ ಹಿಡಿಯುತ್ತೆ, ಮೆಂಬ್ರೇನ್ ಮೇಲೆ ಪ್ರೋಟೀನ್ ಒತ್ತೊತ್ತಾಗಿ ಕೂತಿರುವಾಗ ಐಜಿಜಿ ಎರಡು ಕೈಯಲ್ಲೂ ಹಿಡಿಯುತ್ತೆ. ಒಮ್ಮೆ ಎರಡು ಕೈ ಹಿಡಿದರೆ ಬಿಡೋದು ತುಂಬಾ ನಿಧಾನ. ಸಮಯ ಕೊಟ್ಟಷ್ಟೂ ಮೆಂಬ್ರೇನ್‌ಗೆ ಲಾಭ. ಒಂದು ಗಂಟೆ, ಕೋಣೆಯ ತಾಪ, ಅಷ್ಟು ಸಾಕು.

ಪೆಪ್ಟೈಡ್_ಕಮ್ಮಟ
ಇದು ನಿಜ. ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಮಂಜರಿ ಅವರೇ, ಹೊಸದಾಗಿ ಮಾಡಿಸುವಾಗ ಮನುಷ್ಯರ ಅನುಕ್ರಮ ಕೇಳಿ, ಸಿಸ್ಟೀನ್ ಬಿಟ್ಟುಬಿಡಿ. ಆ ಸಿಸ್ಟೀನ್ ಕೆಎಲ್‌ಎಚ್ ಅನ್ನೋ ವಾಹಕ ಪ್ರೋಟೀನ್‌ಗೆ ಮಲೇಮೈಡ್ ಮೂಲಕ ಜೋಡಿಸಲು ಬೇಕಿತ್ತು, ಬ್ಲಾಕಿಂಗ್‌ಗೆ ಬೇಕಿಲ್ಲ. ಇಟ್ಟರೆ ಗಾಳಿಗೆ ಎರಡೆರಡು ಪೆಪ್ಟೈಡ್ ಡೈಸಲ್ಫೈಡ್ ಆಗಿ ಅಂಟಿಕೊಳ್ಳುತ್ತವೆ, ಆಗ ಒಂದು ಪೆಪ್ಟೈಡ್ ಜೋಡಿ ಎರಡು ಪ್ರತಿಕಾಯಗಳನ್ನು ಕಟ್ಟಿ ಗಂಟು ಮಾಡಬಹುದು. ಸಿಸ್ಟೀನ್ ಇಲ್ಲದೆ ತೂಕ 1761. ತಿರುವುಮುರುವು ಅನುಕ್ರಮದ್ದೂ ಒಂದು ಜೊತೆಗೇ ಮಾಡಿಸಿಕೊಳ್ಳಿ, ಅದೇ ಹದಿನಾಲ್ಕು ಅಮೈನೊ ಆಮ್ಲ, ಕ್ರಮ ಬೇರೆ.

ಮೊದಲ ಹೊರಕುಣಿಕೆಯ ಕಡೆಗೆ ಹೋಗಬೇಡಿ. ಅಲ್ಲಿ 41ರ ಆಸ್ಪರಜೀನ್ ಮೇಲೆ ಸಕ್ಕರೆ ಸರಪಳಿ ಕೂತಿದೆ, ಪಕ್ಕದಲ್ಲೇ 42 ಮತ್ತು 53ರಲ್ಲಿ ಸಿಸ್ಟೀನ್. ಸಕ್ಕರೆಯಿಲ್ಲದ ನೇರ ಪೆಪ್ಟೈಡ್‌ಗೂ ನರದಲ್ಲಿರೋ ಪ್ರೋಟೀನ್‌ಗೂ ಹೋಲಿಕೆ ತುಂಬಾ ಕಡಿಮೆ.

ಸೂಕ್ಷ್ಮದರ್ಶಿ
ಎರಡನೇ ಪ್ರಶ್ನೆಗೆ ಬರೋಣ, ನನ್ನ ಮಟ್ಟಿಗೆ ಅದೇ ದೊಡ್ಡದು. ಉತ್ತರ: ಬರೆಯಬಾರದು.

ನಿಮ್ಮ ತಂತುಗಳಲ್ಲಿ ನ್ಯೂಕ್ಲಿಯಸ್ ಮೇಲಿನ ಸಿಗ್ನಲ್ ಕೂಡ ಪೆಪ್ಟೈಡ್‌ಗೆ ಹೋಯಿತು ಅಂದಿರಿ. ನಾಲ್ಕು ಬಾರಿ ಪೊರೆ ದಾಟುವ ಮೈಲಿನ್ ಪ್ರೋಟೀನ್‌ಗೆ ನ್ಯೂಕ್ಲಿಯಸ್‌ನಲ್ಲಿ ಏನು ಕೆಲಸ? ಆ ಸಿಗ್ನಲ್ ಬೇರೆ ಯಾವುದೋ ಪ್ರೋಟೀನ್‌ನದ್ದು, ಆದರೂ ಪೆಪ್ಟೈಡ್ ಅದನ್ನು ಅಳಿಸಿತು. ಯಾಕೆಂದರೆ ಪೆಪ್ಟೈಡ್ ಮುಚ್ಚುವುದು ಪ್ರತಿಕಾಯದ ಹಿಡಿತಾಣವನ್ನು. ಆ ತಾಣ ಯಾವ ಪ್ರೋಟೀನ್‌ಗೆ ಅಂಟುತ್ತಿದ್ದರೂ ಅದೂ ನಿಲ್ಲುತ್ತೆ, ಸರಿಯಾದದ್ದೂ ತಪ್ಪಾದದ್ದೂ. ಜರ್ನಲ್ ಆಫ್ ಕಂಪೇರಟಿವ್ ನ್ಯೂರಾಲಜಿ ಸಂಪಾದಕರು 2003ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ.

ತಿರುಗಿಸಿ ಓದಿದರೆ ಪ್ರಯೋಗ ಉಪಯುಕ್ತ. ಪೆಪ್ಟೈಡ್ ಹಾಕಿದಮೇಲೂ ಉಳಿದದ್ದು ಆ ತಾಣದಿಂದ ಬಂದದ್ದಲ್ಲ: ಸೆಕೆಂಡರಿ, ಪ್ರತಿಕಾಯದ ಬಾಲದಂತಿರುವ ಎಫ್‌ಸಿ ಭಾಗ, ಅಂಗಾಂಶದ ಸ್ವಂತ ಪೆರಾಕ್ಸಿಡೇಸ್, ಶುದ್ಧೀಕರಿಸದ ಸೀರಂ ಆಗಿದ್ದರೆ ಕೆಎಲ್‌ಎಚ್ ವಿರೋಧಿ ಪ್ರತಿಕಾಯ. ಉಳಿಕೆಯಿಂದ ಕಲಿಯಬಹುದು. ಹೋದದ್ದರಿಂದ ಸಿಗುವ ಪಾಠ ಬಹಳ ಕಡಿಮೆ.

ಶ್ವಾನ್‌ಕೋಶ
ಆದರೆ ರಿವ್ಯೂವರ್‌ಗಳು ಪೆಪ್ಟೈಡ್ ಕಂಟ್ರೋಲ್ ಕೇಳೇ ಕೇಳ್ತಾರೆ.

ಸೂಕ್ಷ್ಮದರ್ಶಿ
ಕೊಡಿ, ಬೇಡ ಅನ್ನಲ್ಲ. ಕೆಳಗೆ 'ಪೆಪ್ಟೈಡ್‌ನಿಂದ ಸಿಗ್ನಲ್ ತಡೆಯಲಾಯಿತು' ಅಂತ ಬರೆಯಿರಿ. 'ನಿರ್ದಿಷ್ಟತೆ ಸಾಬೀತಾಯಿತು' ಅನ್ನೋ ಪದ ಬೇಡ. ನಿರ್ದಿಷ್ಟತೆಗೆ ಪ್ರೋಟೀನೇ ಇಲ್ಲದ ಅಂಗಾಂಶ ಬೇಕು. ಪಿಎಂಪಿ22 ಜೀನ್ ಕಿತ್ತ ಮೌಸ್ 1995ರಿಂದ ಇದೆ, ಅದರ ನರದ ಸ್ವಲ್ಪ ಲೈಸೇಟ್ ಸಿಕ್ಕರೂ ಸಾಕು. ಒಂದು ಪ್ರತಿ ಮಾತ್ರ ಇರುವ ಮೌಸ್‌ನಲ್ಲಿ ಬ್ಯಾಂಡ್ ಅರ್ಧಕ್ಕಿಳೀಬೇಕು, ಮನುಷ್ಯರ ಜೀನ್‌ನ ಹೆಚ್ಚು ಪ್ರತಿ ಇರುವ ಸಿ22 ಮೌಸ್‌ನಲ್ಲಿ ಏರಬೇಕು. ಅದೂ ಇಲ್ಲವಾದರೆ ಲ್ಯಾಬಿನಲ್ಲಿ ಬೆಳೆಸುವ ಎಚ್‌ಇಕೆ293 ಕೋಶಗಳಿಗೆ ಪಿಎಂಪಿ22 ಜೀನ್ ಹಾಕಿ, ಪಕ್ಕದಲ್ಲಿ ಖಾಲಿ ವೆಕ್ಟರ್. ತುದಿಗೆ ಟ್ಯಾಗ್ ಇಟ್ಟರೆ ಎರಡು ಬಣ್ಣದಲ್ಲಿ ಒಂದೇ ಕೋಶ ಹೊಳೆಯುತ್ತಾ ಅಂತ ನೋಡಬಹುದು. ಇದೇ ಕುಟುಂಬದ ಇಎಂಪಿ1, 2, 3 ಕೂಡ ಪ್ಲೇಟಿನ ಬೇರೆ ಬೇರೆ ಬಾವಿಗಳಲ್ಲಿ ಹಾಕಿ, ಅಡ್ಡಹಿಡಿತ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತೆ.

ಬ್ಲಾಟ್‌ಮನೆ
ವೆಸ್ಟರ್ನ್ ಕಡೆಯಿಂದ ಎರಡು ಮಾತು. ಸ್ಯಾಂಪಲ್ 95 ಡಿಗ್ರಿಯಲ್ಲಿ ಕುದಿಸುತ್ತಿದ್ದರೆ ನಿಲ್ಲಿಸಿ. ಪಿಎಂಪಿ22ಗೆ ಜಿಡ್ಡು ಪ್ರೀತಿಯ ಪೊರೆಭಾಗ ನಾಲ್ಕಿವೆ, ಕುದಿಸಿದರೆ ಒಂದಕ್ಕೊಂದು ಅಂಟಿ ಜೆಲ್‌ನ ಬಾವಿಯ ತಳದಲ್ಲೇ ಉಳಿಯುತ್ತೆ. ಜೆಲ್ ಮೇಲ್ಭಾಗದಲ್ಲಿ ಉದ್ದನೆಯ ಮಸಿ ಕಂಡು ಅದು ಪೆಪ್ಟೈಡ್‌ಗೆ ಹೋದರೆ, ಅದೇ ಇದು. 37 ಡಿಗ್ರಿ, 30 ನಿಮಿಷ. ಲೇನ್‌ಗೆ 5ರಿಂದ 10 ಮೈಕ್ರೊಗ್ರಾಂ ಮೀರಬೇಡಿ. ಹೊರನರದ ಮೈಲಿನ್ ಪ್ರೋಟೀನ್‌ನಲ್ಲಿ ಸುಮಾರು ಅರ್ಧ ಪಿ-ಜೀರೋ ಒಂದೇ, ಪಿಎಂಪಿ22 ಪಾಲು 2ರಿಂದ 5%. ಹೆಚ್ಚು ಲೋಡ್ ಮಾಡಿದರೆ ಪಿ-ಜೀರೋ ಊದಿಕೊಂಡು ಕೆಳಗಿನದ್ದನ್ನು ತಳ್ಳುತ್ತೆ.

ಇನ್ನೊಂದು, ಪಿಎನ್‌ಗೇಸ್ ಎಫ್ ಕಿಣ್ವ. ಸಕ್ಕರೆ ಕತ್ತರಿಸಿದಾಗ 22ರ ಬ್ಯಾಂಡ್ 18ಕ್ಕೆ ಇಳೀಬೇಕು. ಇಳಿಯದಿದ್ದರೆ ನೀವು ನೋಡುತ್ತಿರೋದು ಪಕ್ವ ಪಿಎಂಪಿ22 ಅಲ್ಲ. ಕಿಟ್ ಹಾಳೆಯಲ್ಲಿ ಮೊದಲು 100 ಡಿಗ್ರಿಯಲ್ಲಿ 10 ನಿಮಿಷ ಅಂತ ಇರುತ್ತೆ, ಈ ಪ್ರೋಟೀನ್‌ಗೆ ಅದನ್ನು ಬಿಟ್ಟು 37ರಲ್ಲೇ ಮಾಡಿ, ಕಿಣ್ವಕ್ಕೆ ಸಮಯ ಜಾಸ್ತಿ ಕೊಡಿ. ಪೆಪ್ಟೈಡ್ ಕಂಟ್ರೋಲ್‌ಗಿಂತ ಇದು ಹೆಚ್ಚು ಹೇಳುತ್ತೆ.

ನರವೈದ್ಯೆ
ನಡುವೆ ಒಂದು ಪ್ರಶ್ನೆ, ವಿಷಯ ಸ್ವಲ್ಪ ಆಚೆಗಿದೆ. ಮ್ಯಾಗ್ (ಮೈಲಿನ್‌ನ ಇನ್ನೊಂದು ಪ್ರೋಟೀನ್) ವಿರೋಧಿ ಐಜಿಎಂ ಪ್ರತಿಕಾಯ ಇರುವ ರೋಗಿಗಳ ಸೀರಂ ನರದ ತುಂಡಿನ ಮೇಲೆ ಮೈಲಿನ್ ಹಿಡಿಯುತ್ತೆ. ಮ್ಯಾಗ್ ಪೆಪ್ಟೈಡ್ ಹಾಕಿ ಅದನ್ನು ತಡೆದು ತೋರಿಸಬಹುದಾ?

ತುಂಗಾತೀರ
ಆಗಲ್ಲ, ಮೇಡಂ. ಆ ಐಜಿಎಂ ಹಿಡಿಯುವುದು ಪ್ರೋಟೀನನ್ನಲ್ಲ, ಅದರ ಮೇಲಿನ ಸಕ್ಕರೆಯನ್ನು. ಎಚ್‌ಎನ್‌ಕೆ-1 ಅನ್ನೋ ಗುರುತು, ಸಲ್ಫೇಟ್ ಹೊತ್ತ ಗ್ಲುಕುರಾನಿಕ್ ಆಮ್ಲ. ಅದು ಪಿ-ಜೀರೋ ಮೇಲೂ ಇದೆ, ಪಿಎಂಪಿ22 ಮೇಲೂ ಇದೆ, ಎಸ್‌ಜಿಪಿಜಿ ಅನ್ನೋ ಗ್ಲೈಕೊಲಿಪಿಡ್ ಮೇಲೂ ಇದೆ. ಎಷ್ಟು ಪೆಪ್ಟೈಡ್ ಸುರಿದರೂ ಐಜಿಎಂಗೆ ಅದರಲ್ಲಿ ಹಿಡಿಯಲು ಏನೂ ಇಲ್ಲ. ಎಸ್‌ಜಿಪಿಜಿ ಮೇಲೆ ಹೀರಿಸಿ ತೋರಿಸಿ. ಬಾಸೆಲ್‌ನಲ್ಲಿ ಇದಕ್ಕಾಗಿ ಆ ಸಕ್ಕರೆಯನ್ನೇ ಅನುಕರಿಸುವ ಪಾಲಿಮರ್ ಮಾಡಿದ್ದಾರೆ, ತತ್ವ ಅದೇ.

ನರದ ನ್ಯೂರೊಫ್ಯಾಸಿನ್-155, ಕಾಂಟ್ಯಾಕ್ಟಿನ್-1 ಪ್ರೋಟೀನ್‌ಗಳ ವಿರುದ್ಧದ ಪ್ರತಿಕಾಯಗಳಿಗೂ ನೇರ ಪೆಪ್ಟೈಡ್ ನೆಚ್ಚಿಕೊಳ್ಳಬೇಡಿ. ಅವು ಮಡಿಚಿದ ಆಕಾರ ನೋಡುತ್ತವೆ. ಪೂರ್ತಿ ಪ್ರೋಟೀನ್ ಹೊತ್ತ ಕೋಶಗಳ ಪರೀಕ್ಷೆಯೇ ಸರಿ.

ನರವೈದ್ಯೆ
ಧನ್ಯವಾದ, ಸ್ಪಷ್ಟವಾಯಿತು. ಹಾಗಾದರೆ ಪ್ರಾಣಿಯಲ್ಲಿ ಪ್ರತಿಕಾಯ ತಗ್ಗಿಸಲು ಇಂಥ ಪೆಪ್ಟೈಡ್ ಚುಚ್ಚುವ ಯೋಚನೆಯೂ ಬೇಡವೇನೋ?

ತುಂಗಾತೀರ
ಖಂಡಿತ ಬೇಡ. ಮೈಲಿನ್‌ನ ಪಿ2 ಪ್ರೋಟೀನ್‌ನ 53–78 ಪೆಪ್ಟೈಡ್, ಪಿ-ಜೀರೋದ 180–199 ಪೆಪ್ಟೈಡ್, ಇವನ್ನು ಅಡ್ಜುವೆಂಟ್ (ರೋಗನಿರೋಧ ಕೆರಳಿಸುವ ವಸ್ತು) ಜೊತೆ ಲೂಯಿಸ್ ರ‍್ಯಾಟ್‌ಗೆ ಕೊಟ್ಟರೆ ನರದ ಉರಿಯೂತವೇ ಬರುತ್ತೆ. ಕಾಯಿಲೆಯ ಮಾದರಿ ಮಾಡೋದೇ ಹಾಗೆ.

ಕೊಡಚಾದ್ರಿ
ಎಲ್ಲರೂ 'ಬ್ಲಾಕಿಂಗ್ ಪೆಪ್ಟೈಡ್' ಅಂತಲೇ ಬರೀತಿದ್ದೀರಿ. ಆಂಟಿಬಾಡಿಗೆ 'ಪ್ರತಿಕಾಯ' ಬಂದಿದೆ, ಇದಕ್ಕೆ 'ತಡೆ ಪೆಪ್ಟೈಡ್' ಅನ್ನಬಾರದೇ?

ಸೂಕ್ಷ್ಮದರ್ಶಿ
'ತಡೆ' ಅಂದರೆ ಮೆಂಬ್ರೇನ್‌ಗೆ ಹಾಲಿನ ಪುಡಿ ಹಾಕುವ ಬ್ಲಾಕಿಂಗ್ ಕೂಡ ನೆನಪಾಗುತ್ತೆ, ಎರಡೂ ಬೇರೆ. 'ಹಿಡಿತಾಣ ಮುಚ್ಚುವ ಪೆಪ್ಟೈಡ್' ಅಂತ ಒಂದು ಸಲ ಬಿಡಿಸಿ ಹೇಳಿ, ಆಮೇಲೆ 'ಮುಚ್ಚು ಪೆಪ್ಟೈಡ್' ಅನ್ನಬಹುದು. ಕೆಲಸ ಏನು ಅಂತ ಹೆಸರಲ್ಲೇ ಇರುತ್ತೆ.

ಕೊಡಚಾದ್ರಿ
'ಮುಚ್ಚು ಪೆಪ್ಟೈಡ್' ಚೆನ್ನಾಗಿದೆ. ತರಗತಿಯಲ್ಲಿ ಬಳಸ್ತೀನಿ.

ಮೈಲಿನ್_ಮಂಜರಿ
ಸೆಕೆಂಡರಿ ಮಾತ್ರದ ಬ್ಲಾಟ್ ಆಯಿತು. 25, 50 ಎರಡೂ ಅಲ್ಲೇ ಇವೆ, ಬ್ಲಾಟ್‌ಮನೆ ಅವರು ಹೇಳಿದಂತೆ. ಹೊಸ ಪೆಪ್ಟೈಡ್ ಎರಡು ಆರ್ಡರ್ ಹೋಗಿದೆ, ಮನುಷ್ಯರದ್ದು ಮತ್ತು ತಿರುವುಮುರುವಿನದ್ದು. ಬಂದಮೇಲೆ ಕರಗಿಸೋದು, ಟ್ಯೂಬ್‌ಗಳ ಜೋಡಣೆ, ಯಾರಾದರೂ ಬಿಡಿಸಿ ಹೇಳ್ತೀರಾ?

ಪೆಪ್ಟೈಡ್_ಕಮ್ಮಟ
ವಯಲ್ ಫ್ರೀಜರ್‌ನಿಂದ ತೆಗೆದು ಮುಚ್ಚಿದ ಹಾಗೇ ಅರ್ಧ ಗಂಟೆ ಹೊರಗಿಡಿ, ಸಾಧ್ಯವಾದರೆ ಡೆಸಿಕೇಟರ್‌ನಲ್ಲಿ. ಮಳೆಗಾಲದಲ್ಲಿ ತಣ್ಣಗಿದ್ದಾಗಲೇ ತೆರೆದರೆ ಪುಡಿ ನೀರು ಕುಡಿದು ಅಂಟಾಗುತ್ತೆ. ತೆರೆಯುವ ಮೊದಲು ಒಂದು ನಿಮಿಷ ಸ್ಪಿನ್, ಪುಡಿ ಮುಚ್ಚಳಕ್ಕೆ ಹಾರಿರುತ್ತೆ.

ವಯಲ್ ಮೇಲೆ 1 ಮಿಲಿಗ್ರಾಂ ಅಂತಿದ್ದರೆ ಪೆಪ್ಟೈಡ್ ಅಷ್ಟಿಲ್ಲ. ಟಿಎಫ್‌ಎ (ಟ್ರೈಫ್ಲೋರೊಅಸಿಟಿಕ್ ಆಮ್ಲ) ಲವಣವಾಗಿ ಬರುತ್ತೆ. ಈ ಪೆಪ್ಟೈಡ್‌ನಲ್ಲಿ ಒಂದು ಆರ್ಜಿನೀನ್, ಎರಡು ಹಿಸ್ಟಿಡೀನ್, ಮುಂತುದಿಯ ಅಮೈನ್, ಒಟ್ಟು ನಾಲ್ಕು ಟಿಎಫ್‌ಎ ಅಂಟಿಕೊಳ್ಳಬಹುದು. ಅದೇ ಐದನೇ ಒಂದು ಭಾಗ ತೂಕ ತಿನ್ನುತ್ತೆ, ಮೇಲೆ ತೇವಾಂಶ. ತೂಕ ನಂಬಬೇಡಿ, 280 ನ್ಯಾನೊಮೀಟರ್‌ನಲ್ಲಿ ಓದಿ. ಒಂದು ಟ್ರಿಪ್ಟೊಫ್ಯಾನ್, ಎರಡು ಟೈರೊಸೀನ್, ಬೆಳಕು ಹೀರುವ ಗುಣಾಂಕ 8480. ಸಿಸ್ಟೀನ್ ಇಲ್ಲದ ಪೆಪ್ಟೈಡ್‌ನ ಮಿ.ಲೀ.ಗೆ 1 ಮಿಲಿಗ್ರಾಂ ದ್ರಾವಣ 4.8 ತೋರಿಸಬೇಕು, ಹತ್ತು ಪಟ್ಟು ತೆಳುಗೊಳಿಸಿ ಓದಿದರೆ 0.48.

ಮೊದಲು ಬರೀ ಶುದ್ಧ ನೀರಿನಲ್ಲಿ ಕರಗಿಸಿ ನೋಡಿ. ಮೋಡ ಕವಿದರೆ 10% ಅಸಿಟಿಕ್ ಆಮ್ಲದ ಒಂದೆರಡು ಹನಿ. ಉಪ್ಪಿರುವ ಬಫರ್ ಮೊದಲೇ ಹಾಕಬೇಡಿ, ಕರಗದೆ ಗಂಟಾದದ್ದು ಮತ್ತೆ ಬಿಡಿಸಿಕೊಳ್ಳಲ್ಲ. 20 ಮೈಕ್ರೊಲೀಟರ್‌ನ ಸಣ್ಣ ಪಾಲು ಮಾಡಿ ಫ್ರೀಜರ್‌ಗೆ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ನಾಲ್ಕು ಟ್ಯೂಬ್, ಕಡಿಮೆ ಅಂಟುವ ಪ್ಲಾಸ್ಟಿಕ್. ಒಂದರಲ್ಲಿ ಪ್ರತಿಕಾಯ ಮತ್ತು ಪೆಪ್ಟೈಡ್, ಇನ್ನೊಂದರಲ್ಲಿ ಪ್ರತಿಕಾಯ ಮತ್ತು ತಿರುವುಮುರುವು ಪೆಪ್ಟೈಡ್, ಮೂರನೆಯದರಲ್ಲಿ ಪ್ರತಿಕಾಯ ಮತ್ತು ಅಷ್ಟೇ ಪ್ರಮಾಣದ ಬರೀ ದ್ರಾವಕ, ನಾಲ್ಕನೆಯದರಲ್ಲಿ ಪ್ರತಿಕಾಯವೇ ಇಲ್ಲ. 1% ಬಿಎಸ್‌ಎ ಪ್ರೋಟೀನ್ ಇರುವ ಟಿಬಿಎಸ್ ಬಫರ್ 200 ಮೈಕ್ರೊಲೀಟರ್, ಕೋಣೆಯ ತಾಪದಲ್ಲಿ ಎರಡು ಗಂಟೆ ತಿರುಗಿಸಿ. 4 ಡಿಗ್ರಿಯಲ್ಲಿ 15,000 ಜಿಯಲ್ಲಿ 15 ನಿಮಿಷ ಸ್ಪಿನ್, ಮೇಲಿನ ದ್ರವ ಮಾತ್ರ ತೆಗೆದುಕೊಳ್ಳಿ. ಕೊನೆಯ ಬಫರ್‌ಗೂ ಮೊದಲೇ ಮಿ.ಲೀ.ಗೆ 10 ಮೈಕ್ರೊಗ್ರಾಂ ಪೆಪ್ಟೈಡ್ ಹಾಕಿಟ್ಟಿರಿ. ಖರ್ಚು ಹೆಚ್ಚು ಅನಿಸಿದರೆ ಬ್ಲಾಟ್ ಪಟ್ಟಿ ಕತ್ತರಿಸಿ 2 ಮಿ.ಲೀ. ಚೀಲದಲ್ಲಿ ಮಾಡಿ.

ಬ್ಲಾಟ್‌ಮನೆ
ಪಟ್ಟಿಗಳೆಲ್ಲ ಒಂದೇ ಜೆಲ್‌ನದ್ದಾಗಿರಲಿ, ಚಿತ್ರ ತೆಗೆಯುವಾಗ ಅಕ್ಕಪಕ್ಕ ಇಟ್ಟು ಒಂದೇ ಎಕ್ಸ್‌ಪೋಷರ್. ಬೇರೆ ಬೇರೆ ತೆಗೆದರೆ ಉಪಕರಣ ಖಾಲಿ ಪಟ್ಟಿಗೂ ತಾನೇ ಬೆಳಕು ಏರಿಸಿಬಿಡುತ್ತೆ. ಅದಕ್ಕೂ ಮೊದಲು ಪ್ರತಿಕಾಯವನ್ನು ತೆಳುಗೊಳಿಸುತ್ತಾ ಹೋಗಿ, ಸಿಗ್ನಲ್ ಇಳಿಯಲು ಶುರುವಾಗುವ ಪ್ರಮಾಣದಲ್ಲಿ ಈ ಪ್ರಯೋಗ ಮಾಡಿ. ತುಂಬಿ ತುಳುಕುವಷ್ಟು ಪ್ರತಿಕಾಯ ಇದ್ದರೆ 90% ಮುಚ್ಚಿದರೂ ಬ್ಯಾಂಡ್ ಮೊದಲಿನಂತೆಯೇ ಕಾಣುತ್ತೆ.

ಸೂಕ್ಷ್ಮದರ್ಶಿ
ತಂತುಗಳಿಗೆ ಒಂದು ಸಲಹೆ. ಪಿಎಂಪಿ22 ಇರುವುದು ಒತ್ತಾಗಿ ಸುತ್ತಿದ ಮೈಲಿನ್ ಒಳಗೆ, ಬರೀ ಡಿಟರ್ಜೆಂಟ್‌ನಿಂದ ಪ್ರತಿಕಾಯ ಅಲ್ಲಿಗೆ ಇಳಿಯಲ್ಲ. ಬಿಡಿಸಿದ ತಂತುಗಳನ್ನು ಸ್ಲೈಡ್ ಮೇಲೆ ಒಣಗಿಸಿ, ಮೈನಸ್ 20ರ ಅಸಿಟೋನ್ ಅಥವಾ ಮೆಥನಾಲ್‌ನಲ್ಲಿ 10 ನಿಮಿಷ ಇಟ್ಟು ಕೊಬ್ಬು ತೆಗೆಯಿರಿ. ಒಳಗೆ ಹೋಗದ ಪ್ರತಿಕಾಯ ಹೊರಗಿನ ನ್ಯೂಕ್ಲಿಯಸ್, ಕೊಲಾಜೆನ್ ಮೇಲೇ ಕೂರುತ್ತೆ. ನಿಮ್ಮ ನ್ಯೂಕ್ಲಿಯಸ್ ಸಿಗ್ನಲ್‌ಗೆ ಅರ್ಧ ಕಾರಣ ಇದೇ ಇರಬಹುದು.

ಮೈಲಿನ್_ಮಂಜರಿ
ಅಸಿಟೋನ್ ನಾಳೆಯೇ ಮಾಡ್ತೀವಿ. ಈಗಿರುವ ಮೌಸ್ ಪೆಪ್ಟೈಡ್ ಬಿಸಾಡೋದಾ?

ತುಂಗಾತೀರ
ಬಿಸಾಡಬೇಡಿ, ಅದರಲ್ಲಿ ಸಿಸ್ಟೀನ್ ಇದೆಯಲ್ಲ. ಅಯೊಡೊಅಸಿಟೈಲ್ ರೆಸಿನ್‌ಗೆ ಜೋಡಿಸಿ ಸಣ್ಣ ಕಾಲಂ ಮಾಡಿ, ನಿಮ್ಮ ಪ್ರತಿಕಾಯವನ್ನು ಅದರ ಮೂಲಕ ಹರಿಸಿ. ಹಿಡಿದು ಉಳಿದದ್ದು ಎರಡೂ ಜಾತಿಗೆ ಸಲ್ಲುವ ಪಂಗಡ, ಹರಿದುಹೋದದ್ದು ಮನುಷ್ಯರದ್ದನ್ನು ಮಾತ್ರ ಹಿಡಿಯುವುದು. ಮನುಷ್ಯರ ಜೀನ್ ಹೊತ್ತ ಮೌಸ್‌ನಲ್ಲಿ ಯಾವ ಪಿಎಂಪಿ22 ಎಲ್ಲಿಂದ ಬಂತು ಅಂತ ಬಿಡಿಸಿ ನೋಡಲು ಆ ಎರಡನೆಯದು ಬೇಕಾಗುತ್ತೆ. ಜೋಡಿಸುವ ಮೊದಲು ಟಿಸಿಇಪಿ ರೆಸಿನ್ ಮೇಲೆ ಹಾಯಿಸಿ ಡೈಸಲ್ಫೈಡ್ ಬಿಡಿಸಿಕೊಳ್ಳಿ.